ಬಿಳಿ ಹೇಂಟೆಯ ಕಪ್ಪು ಮರಿಗಳು

ಲೊರೆಶೋ, ನೈರೋಬಿ
೯ ಆಗಸ್ಟ್ ೨೦೨೫, ಶನಿವಾರ

ಪ್ರೀತಿಯ ಮಾವನವರಿಗೆ ನಿಹಾರಿಕಾಳ ನಮಸ್ಕಾರಗಳು.

ಮಂಡಿ ಹೇಗಿದೆ? ವಾಕರ್ ಬಿಟ್ಟು ನಡೆಯುತ್ತಿದ್ದೀರಾ? ಮೈಸೂರಿನಲ್ಲಿ ಅತ್ತಿಗೆ ನಿಮ್ಮನ್ನು ಮೆಟ್ಟಿಲ ಹತ್ತಿರವೂ ಬಿಡುವುದಿಲ್ಲವಂತೆ, ಒಳ್ಳೆಯದೇ ಆಯಿತು. ಫೋನಿನಲ್ಲಿ ನೀವು ಎಲ್ಲದಕ್ಕೂ "ಹಾಂ, ಹಾಂ" ಅನ್ನುತ್ತೀರಿ, ಕೇಳಿಸಿತೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಅದಕ್ಕೇ ಈ ಕಾಗದ. ಡಾಕ್ಟರ್ ಅನಿಲ್ ಇವತ್ತು ಸಂಜೆ ಮೈಸೂರಿಗೆ ಹೊರಡುತ್ತಾರೆ, ಸೋಮವಾರ ನಿಮ್ಮ ಕೈಗೇ ಕೊಡುತ್ತೇನೆಂದು ಒಪ್ಪಿಕೊಂಡಿದ್ದಾರೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ನಾನು ಸರಿಯಾಗಿ ಮಲಗಿ ಎಷ್ಟು ದಿನವಾಯಿತೋ ಲೆಕ್ಕ ತಪ್ಪಿದೆ.

ನಿಮ್ಮ ಕೋಳಿಗಳೆಲ್ಲ ಕ್ಷೇಮ. ಮೊಟ್ಟೆ ಮುಟ್ಟದ ಮನುಷ್ಯ ಮೂವತ್ತು ಕೋಳಿ ಸಾಕಿದ್ದಾರೆ ಎಂದು ಮನೆಗೆಲಸದ ಸೆಲಿನ್ ಈಗಲೂ ನಗುತ್ತಾಳೆ, ನಕ್ಕು ಮೊಟ್ಟೆಯನ್ನೆಲ್ಲ ತಾನೇ ಮನೆಗೆ ಒಯ್ಯುತ್ತಾಳೆ. ಹದಿನಾಲ್ಕನೇ ನಂಬರಿನ ಬಿಳಿ ಹೇಂಟೆ ಕಾವಿಗೆ ಕೂತಿತ್ತಲ್ಲ, ಎಂಟು ಮರಿ ಮಾಡಿದೆ. ಮರಿಗಳ ಅಪ್ಪ, ಸಂತೆಯಿಂದ ತಂದ ಆ ಬಿಳಿ ಹುಂಜ. ತಾಯಿ ಬಿಳಿ, ತಂದೆ ಬಿಳಿ, ಆದರೆ ಎಂಟರಲ್ಲಿ ನಾಲ್ಕು ಮರಿ ಇದ್ದಿಲಿನಂತೆ ಕಪ್ಪು! ಸೆಲಿನ್ ಪಕ್ಕದ ಮನೆಯ ಹುಂಜವನ್ನು ಬೈದಳು. ನನಗೆ ಮಾತ್ರ ನೀವು ಹೇಳಿದ್ದು ನೆನಪಾಯಿತು: "ಬಿಳಿ ಅನ್ನೋದು ಬಣ್ಣ ಅಲ್ಲಮ್ಮ, ಹೊದಿಕೆ. ಕೆಳಗೇನಿದೆ ಅಂತ ಮರಿಗಳೇ ಹೇಳಬೇಕು." ಬಿಳಿಯಲ್ಲೂ ಎರಡು ಜಾತಿ ಎಂದಿದ್ದಿರಿ. ಹೇಂಟೆಯದು ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ತೋರುವ ಬಿಳಿ. ಹುಂಜದ್ದು ಒಬ್ಬರಿಂದ ಬಂದರೂ ಸಾಕು, ಕಪ್ಪನ್ನು ಮುಚ್ಚಿಬಿಡುವ ಬಿಳಿ. ಆ ಒಂದು ಪಾಲು ಸಿಗದ ಮರಿಗಳಲ್ಲಿ ಕೆಳಗಿನ ಕಪ್ಪು ಹೊರಬಿದ್ದಿದೆ. ಸರಿಯೇ ಎಂದು ನೋಡಲು, ಕೋಳಿಗಳ ಬಣ್ಣ, ವಂಶ ಬರೆದಿಡುವ ನಿಮ್ಮ ಪುಕ್ಕದ ನೋಟ್‌ಬುಕ್ ತೆಗೆದೆ. ಅದನ್ನು ತೆಗೆಯಬಾರದಿತ್ತೇನೋ.

ಇಳಾಳ ವಿಷಯಕ್ಕೆ ಬರುತ್ತೇನೆ. ಮಗುವಿಗೆ ನಾಲ್ಕು ತಿಂಗಳು ತುಂಬಿತು. ಹಣೆಯ ಮೇಲಿನ ಆ ಬಿಳಿ ಕೂದಲಿನ ಕುಚ್ಚು ಈಗ ಚೆನ್ನಾಗಿ ಬೆಳೆದಿದೆ, ಎಡಗಣ್ಣು ನೀಲಿಯಾಗಿಯೇ ಉಳಿದಿದೆ. ಹೈರಿಡ್ಜ್‌ನ ಆಂಟಿಯರು "ಎಂಥ ಚೆಂದ, ಗೊಂಬೆ ಹಾಗಿದ್ದಾಳೆ" ಎಂದು ಫೋಟೋ ತೆಗೆಯುತ್ತಾರೆ. ಮೊನ್ನೆ ಬೆಳಿಗ್ಗೆ ಅವಳನ್ನು ಹಿತ್ತಿಲಲ್ಲಿ ಎಳೆಬಿಸಿಲಿಗೆ ಮಲಗಿಸಿದ್ದೆ. ಹುಂಜ ಅವಳಿಂದ ಎರಡು ಮಾರು ದೂರದಲ್ಲಿ ನಿಂತು ಕತ್ತೆತ್ತಿ ಕೂಗಿತು. ಬೇಲಿಯಾಚೆಯ ನಾಯಿ ಬೊಗಳಿತು, ಸೆಲಿನ್ ಕೈಯಿಂದ ಬಕೆಟ್ ಬಿತ್ತು. ಇಳಾ ರೆಪ್ಪೆ ಕೂಡ ಬಡಿಯಲಿಲ್ಲ ಮಾವ. ಎಲೆಗಳ ನೆರಳು ನೋಡಿ ನಗುತ್ತಲೇ ಇದ್ದಳು. ನಾನು ಆ ಬಕೆಟ್ಟನ್ನೇ ಎತ್ತಿ ಕಲ್ಲಿಗೆ ಬಡಿದೆ, ಮತ್ತೆ ಬಡಿದೆ, ಹುಚ್ಚಿಯ ಹಾಗೆ. ಸೆಲಿನ್ ಬಂದು ಬಕೆಟ್ ಕಿತ್ತುಕೊಂಡು "ಪೋಲೆ, ಮಾಮಾ, ಪೋಲೆ" ಎಂದು ತನ್ನ ಸ್ವಾಹಿಲಿಯಲ್ಲಿ ಸಮಾಧಾನ ಹೇಳುತ್ತ ಬೆನ್ನು ಸವರಿದಳು.

ಗುರುವಾರ ಹತ್ತು ಗಂಟೆಗೆ ಕಿವಿ ಪರೀಕ್ಷೆಗೆ ಸಮಯ ಕೊಟ್ಟಿದ್ದಾರೆ. ಬಣ್ಣ ಕೊಡುವ ಕೋಶಗಳು ಒಳಗಿವಿಗೂ ಬೇಕಂತೆ. ಕೂದಲಿಗೆ ತಲುಪದಿದ್ದರೆ ಕೆಲವರಲ್ಲಿ ಅಲ್ಲಿಗೂ ತಲುಪಿರುವುದಿಲ್ಲವಂತೆ. ಈಗಲೇ ಗೊತ್ತಾದರೆ ಮಾಡಬಹುದಾದದ್ದು ಬಹಳ ಇದೆ, ತಡವಾದಷ್ಟೂ ಮಾತು ದೂರವಾಗುತ್ತದೆ ಎಂದರು ಕಿವಿಯ ಡಾಕ್ಟರು. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದೂ ಕೇಳಿದರು. ನಿಮ್ಮ ಮಗ ವೈಭವ್ ಪರೀಕ್ಷೆಯೇ ಬೇಡ ಅನ್ನುತ್ತಾರೆ. "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಕೋಳಿ ನೋಡೀ ನೋಡೀ ಮಗೂನೂ ಕೋಳಿ ಮಾಡಿಟ್ಟಿದೀಯ," ಅಂದರು. ಸುಮ್ಮನೆ ಅಂದದ್ದಲ್ಲ, ಹೆದರಿ ಅಂದದ್ದು. ಈಗ ಅವರು ಮಗುವಿನ ಹತ್ತಿರ ಹೋಗುವಾಗಲೆಲ್ಲ ಮೊದಲೇ ಅವಳನ್ನು ಮುಟ್ಟಿಬಿಡುತ್ತಾರೆ, ಕರೆಯುವುದಿಲ್ಲ. ಕರೆದು ನೋಡುವ ಧೈರ್ಯ ಅವರಿಗಿಲ್ಲ.

ನಿಮ್ಮ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಕೋಳಿಗಳಿರಲಿಲ್ಲ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಅದೇ ನಿಮ್ಮ ಪದ್ಧತಿ. ಒಂದು ಚೌಕದ ಕೆಳಗೆ "ವಾಮನ, ಬಲಗಿವಿ ಇಲ್ಲ" ಎಂದಿತ್ತು. ಅದು ನೀವೇ. ಆ ಕಿವಿ ಕೇಳದ್ದಕ್ಕೆ ಟೈಫಾಯ್ಡ್ ಕಾರಣ ಎಂದು ನಮಗೆಲ್ಲ ಹೇಳಿದ್ದಿರಿ. ಪಕ್ಕದಲ್ಲಿ ಪೂರ್ತಿ ಕಪ್ಪು ತುಂಬಿದ ವೃತ್ತ: "ತಂಗಿ ಕಮಲಾ. ಬಿಳಿ ಜುಟ್ಟು. ಒಂದು ಕಣ್ಣು ನೀಲಿ. ಹುಟ್ಟಿನಿಂದ ಕೇಳದು." ಕೆಳಗೆ ವೈಭವ್: "ಇಪ್ಪತ್ತೆರಡಕ್ಕೇ ನರೆ." ನಿಮಗೊಬ್ಬ ತಂಗಿ ಇದ್ದಳೆಂದು ನಿಮ್ಮ ಮಗನಿಗೇ ಗೊತ್ತಿಲ್ಲ. ನಾನು ನಿಮ್ಮನ್ನು ದೂರುತ್ತಿಲ್ಲ. ಇಲ್ಲ, ದೂರುತ್ತಿದ್ದೇನೆ. ಆದರೆ ಈ ಮನೆಯಲ್ಲಿ ನಾನು ಕೇಳಿದ್ದಕ್ಕೆಲ್ಲ ಬೇಸರಿಸದೆ ಉತ್ತರ ಕೊಟ್ಟವರು ನೀವೊಬ್ಬರೇ, ಆದ್ದರಿಂದ ನಿಮ್ಮನ್ನೇ ಕೇಳಬೇಕಾಗಿದೆ.

ಔಷಧಿ ತಪ್ಪಿಸಬೇಡಿ. ಅತ್ತಿಗೆಗೆ, ಮಕ್ಕಳಿಗೆ ನನ್ನ ನೆನಪು ಹೇಳಿ. ಇಳಾ ನಿಮ್ಮ ಕಾಲಿಗೆ ಹಣೆ ಹಚ್ಚಿದ್ದಾಳೆಂದುಕೊಂಡು ಹರಸಿ.

ನಿಮ್ಮ ಸೊಸೆ,
ನಿಹಾರಿಕಾ

ತಾ.ಕ.: ಅನಿಲ್ ಅವರ ಕಾರು ಗೇಟಿಗೆ ಬಂದಿದೆ. ಮೇಲೆ ಬರೆಯಲು ಕೈ ಬರಲಿಲ್ಲ. ವೈಭವ್ ಹೆಸರಿನ ಕೆಳಗೆ ಪೆನ್ಸಿಲ್ಲಿನಲ್ಲಿ ಇನ್ನೊಂದು ಪುಟ್ಟ ವೃತ್ತವಿದೆ, ಮೇ ಹನ್ನೆರಡನೇ ತಾರೀಖು ಹಾಕಿದ್ದೀರಿ. ಅಂದರೆ ಊರಿಗೆ ಹೊರಡುವ ಮೊದಲೇ ನಿಮಗೆ ಅನುಮಾನ ಬಂದಿತ್ತು, ಆದರೂ ಹೇಳದೆ ಹೋದಿರಿ. ಬುಧವಾರದೊಳಗೆ ನೀವೇ ನಿಮ್ಮ ಮಗನಿಗೆ ಹೇಳಿ, ಅವರು ಅದನ್ನು ನಿಮ್ಮ ಬಾಯಿಂದಲೇ ಕೇಳಬೇಕು. ಹೇಳದಿದ್ದರೆ ಗುರುವಾರ ಬೆಳಿಗ್ಗೆ ಆ ಹಾಳೆ ಅವರ ಮುಂದಿಟ್ಟು ನಾನೊಬ್ಬಳೇ ಮಗುವನ್ನು ಎತ್ತಿಕೊಂಡು ಹೋಗುತ್ತೇನೆ. ಇನ್ನೊಂದು ಮಾತು. ಕಮಲಾ ಅತ್ತೆಯನ್ನು ಮನೆಯಲ್ಲಿ ಹೇಗೆ ಕರೆಯುತ್ತಿದ್ದಿರಿ? ನೆಲ ತಟ್ಟುತ್ತಿದ್ದಿರಾ, ದೀಪ ಆಡಿಸುತ್ತಿದ್ದಿರಾ? ಅದನ್ನು ಮೊದಲು ಬರೆದು ಕಳಿಸಿ. ಇಳಾ ಎದ್ದಿದ್ದಾಳೆ, ನಾನು ಕರೆಯುತ್ತಲೇ ಇದ್ದೇನೆ.