ಕೊರಳ ಹುಕ್ಕು

ಅಪ್ಪಾ,

ನೀವು ಇದ್ದಿದ್ದರೆ ಮೊದಲು ಕೇಳುತ್ತಿದ್ದದ್ದು ಇದೇ: ಊಟಕ್ಕೆ ಯಾವ ಬಟ್ಟೆ ಹಾಕಬೇಕು ಅಂತ ಇನ್ನೊಬ್ಬರು ಹೇಳಬೇಕೇನು? ಹೇಳುತ್ತಾರಪ್ಪಾ. ಅವ್ವನಿಗೆ ಎಂಬತ್ತು ತುಂಬಿತೆಂದು ನಿಮ್ಮ ಮೊಮ್ಮಗಳು ರಶ್ಮಿ ನಮ್ಮೆಲ್ಲರನ್ನೂ ಹಡಗು ಹತ್ತಿಸುತ್ತಿದ್ದಾಳೆ. ಸಿಂಗಾಪುರದಿಂದ ಏಳು ದಿನ. ಅದರಲ್ಲಿ ಎರಡು ರಾತ್ರಿ ‘ಫಾರ್ಮಲ್ ನೈಟ್’. ಆ ಎರಡು ರಾತ್ರಿ ಹಡಗಿನ ದೊಡ್ಡ ಊಟದ ಹಾಲಿಗೆ ಹೇಗೆಂದರೆ ಹಾಗೆ ಹೋಗುವಂತಿಲ್ಲ.

ಮೊನ್ನೆ ಭಾನುವಾರ ಉಪ್ಪಲ್‌ನ ಮನೆಯಲ್ಲಿ ರಶ್ಮಿ ಫೋನು ಹಿಡಿದು ನಿಯಮಗಳನ್ನು ಓದಿದಳು. ಗಂಡಸರಿಗೆ ಸೂಟು, ಇಲ್ಲವೇ ಅವರವರ ದೇಶದ ಸಮಾರಂಭದ ಉಡುಪು. ಹೆಂಗಸರಿಗೆ ಗೌನು, ಸೀರೆ. ಚಡ್ಡಿ, ಚಪ್ಪಲಿ ನಡೆಯುವುದಿಲ್ಲ.

“ಚಪ್ಪಲಿ ಬ್ಯಾಡ ಅಂದದ್ದು ಚಲೋ ಆತು,” ಅಂದಳು ಅವ್ವ. “ಊಟಕ್ಕ ಕುಂದ್ರೂದು ಬರಿಗಾಲಿಲೇ ಅಲ್ಲೇನು?”

“ಅಜ್ಜಿ, ಬೂಟ್ ಹಾಕ್ಕೋಬೇಕು ಅಂತ ಅದರ ಅರ್ಥ!”

“ಬೂಟ್ ಹಾಕ್ಕೊಂಡು ಉಣ್ಣೋರಿಗೆ ಮತ್ತ ನಿಯಮ ಬ್ಯಾರೆ ಕೇಡು.”

ತನಗೆ ಇಳಕಲ್ ಸೀರೆ ಸಾಕೆಂದು ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳು. ನಿಮ್ಮ ಸೊಸೆ ತನ್ನ ಗದ್ವಾಲ ಸೀರೆ ತೆಗೆದಿಟ್ಟಳು. ಉಳಿದವನು ನಾನೊಬ್ಬ.

ಅಮೀರ್‌ಪೇಟ್‌ನಲ್ಲಿ ಬಾಡಿಗೆಗೆ ಸೂಟು ಕೊಡುವ ಅಂಗಡಿಯೊಂದಿದೆ. ಕೋಚಿಂಗಿಗೆ ಬಂದ ಹುಡುಗರು ಸಂದರ್ಶನಕ್ಕೆಂದು ಒಯ್ಯುವ ಕೋಟುಗಳು. ಒಂದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಸೂಟು ತನ್ನ ಪಾಡಿಗೆ ತಾನು ಸರಿಯಾಗಿಯೇ ಇತ್ತು. ನಾನೇ ಅದಕ್ಕೆ ಬಾಡಿಗೆಗೆ ಬಂದವನಂತೆ ಕಂಡೆ. ಐವತ್ತೈದರಲ್ಲಿ ಸಂದರ್ಶನಕ್ಕೆ ಹೊರಟವನ ಮುಖ. ಯಾರ ಮುಂದೆ ಪಾಸಾಗಬೇಕಿತ್ತು ನಾನು? ಆದರೂ ಅದನ್ನೇ ಹಿಡಿದುಕೊಂಡು ಮನೆಗೆ ಬಂದೆ.

ಅವ್ವ ಸೂಟನ್ನು ಹಿಂದೆ ಮುಂದೆ ತಿರುವಿ ನೋಡಿದಳು. ಒಳಗೆ ಹೋಗಿ, ಟ್ರಂಕಿನಿಂದ ಹಳೆಯ ಧೋತರದಲ್ಲಿ ಸುತ್ತಿದ ಗಂಟೊಂದನ್ನು ತಂದು ನನ್ನ ಮುಂದಿಟ್ಟಳು. ಬಿಚ್ಚಿದರೆ ಒಣಗಿದ ಬೇವಿನೆಲೆ ಉದುರಿದವು. ನಿಮ್ಮ ಕಪ್ಪು ಶೇರ್ವಾನಿ. ಅದನ್ನು ನೀವು ಯಾರಿಗೋ ಕೊಟ್ಟುಬಿಟ್ಟಿದ್ದೀರೆಂದು ಇಷ್ಟು ವರ್ಷ ನಂಬಿದ್ದೆ. ನಂಬಿದ್ದೆನೋ, ಹಾಗೆ ನಂಬುವುದು ಅನುಕೂಲವಾಗಿತ್ತೋ.

ಬೀದರದಿಂದ ಬಂದು ಇಲ್ಲಿ ಸರ್ಕಾರಿ ಕಚೇರಿಗೆ ಸೇರಿದ ವರ್ಷ ನೀವು ಅದನ್ನು ಹೊಲಿಸಿದಿರಿ. ಆಗ ಕಚೇರಿಯಲ್ಲಿ ಹಿಂದೂ ಮುಸಲ್ಮಾನ ಎನ್ನದೆ ದೊಡ್ಡ ದಿನಗಳಿಗೆಲ್ಲ ಎಲ್ಲರೂ ಅದನ್ನೇ ತೊಡುತ್ತಿದ್ದರು ಎನ್ನುತ್ತಿದ್ದಿರಿ. ಮೇ ತಿಂಗಳ ಬಿಸಿಲಿರಲಿ, ಕೊರಳ ಹುಕ್ಕು ಹಾಕದೆ ಹೊಸ್ತಿಲು ದಾಟಿದವರಲ್ಲ. “ಹುಕ್ಕ ಹಾಕದ ಶೇರ್ವಾನಿ ಅಂದ್ರ ಚಿಲಕಿಲ್ಲದ ಬಾಗಲಾ.” ಆ ಮಾತು ಹೇಳುವಾಗ ನಿಮ್ಮ ಗದ್ದ ತಾನಾಗಿ ಮೇಲೇಳುತ್ತಿತ್ತು.

ಕಾಲೇಜಿನ ವಾರ್ಷಿಕೋತ್ಸವದಲ್ಲಿ ನನಗೆ ಬಹುಮಾನ ಬಂದ ದಿನ ನೀವು ಅದನ್ನೇ ತೊಟ್ಟು ಬಂದಿರಿ. ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತಿದ್ದಿರಿ. ಹಿಂದಿನಿಂದ ನನ್ನ ಗೆಳೆಯನೊಬ್ಬ, “ಅರೇ, ಖವ್ವಾಲಿವಾಲೇ ಆ ಗಯೇ” ಅಂದ, ಖವ್ವಾಲಿ ಹಾಡುವವರು ಬಂದರು ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ, ಅಪ್ಪಾ. ಬೇಗಂಪೇಟೆಯ ನಮ್ಮ ಆಗಿನ ಮನೆಗೆ ಮರಳುವ ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತು, ಕಿಟಕಿಯ ಕಡೆ ಮುಖ ಮಾಡಿ ಹೇಳಿದೆ: “ಇನ್ನೊಮ್ಮೆ ಇದನ್ನ ಹಾಕ್ಕೊಂಡು ಬರಬ್ಯಾಡ್ರಿ. ಮಂದಿ ನಗತಾರ.”

“ಆತು,” ಅಂದಿರಿ. ಅಷ್ಟೇ. ಆಮೇಲೆ ಕೈ ಎತ್ತಿ ಕೊರಳ ಹುಕ್ಕು ಬಿಚ್ಚಿದಿರಿ. ನಾಲ್ಕು ಜನರ ಮುಂದೆ ನೀವು ಅದನ್ನು ಬಿಚ್ಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸೆಕೆಗೆ ಬಿಚ್ಚಿರಬೇಕು ಎಂದುಕೊಂಡೆ. ಹಾಗೆಂದುಕೊಂಡೇ ಎಷ್ಟು ವರ್ಷ...

ನನ್ನ ಮದುವೆಗೂ ನೀವು ಹಾಕಿಕೊಂಡದ್ದು ಸಫಾರಿ. ನಾನು ಸೂಟಿನಲ್ಲಿದ್ದೆ. ಫೋಟೋದಲ್ಲಿ ನಾವಿಬ್ಬರೂ ಬೇರೆ ಯಾರದೋ ಮದುವೆಗೆ ಬಂದವರಂತಿದ್ದೇವೆ. ಬಸ್ಸಿನ ಮಾತನ್ನು ಮತ್ತೆ ನಾವಿಬ್ಬರೂ ಎತ್ತಲಿಲ್ಲ. ನೀವು ಮರೆತಿದ್ದೀರಿ ಅಂತಲೇ ನಾನು ತಿಳಿದಿದ್ದು.

ನಿನ್ನೆ ಶೇರ್ವಾನಿಯನ್ನು ನಮ್ಮ ಗಲ್ಲಿಯ ಮುದುಕ ದರ್ಜಿಯ ಹತ್ತಿರ ಒಯ್ದೆ. ನನಗೆ ಗಿಡ್ಡವಾಗುತ್ತದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಆತ ಅಂಚು ತಿರುಗಿಸಿ ನೋಡಿ ಕನ್ನಡಕ ಏರಿಸಿದ. “ಯೇ ತೋ ಏಕ್ ಬಾರ್ ಖೋಲೇ ಸೋ ಹೈ, ಸಾಬ್.” ಹಿಂದೆ ಯಾರೋ ಮಡಿಕೆ ಬಿಚ್ಚಿ ಉದ್ದ ಮಾಡಿಸಿದ್ದರು. ಕೆಳಗಿನ ಎರಡು ಬೆರಳಷ್ಟು ಬಟ್ಟೆ ಇನ್ನೂ ಕಡುಕಪ್ಪು; ಮಡಿಕೆಯೊಳಗಿದ್ದು ಬಿಸಿಲು ಕಂಡಿರಲಿಲ್ಲ. ತೋಳುಗಳ ತುದಿಯಲ್ಲೂ ಹಾಗೆಯೇ. ತೊಡಿಸಿ ನೋಡಿದ. ಉದ್ದ ಸರಿ, ತೋಳು ಸರಿ. “ಆಪ್ ಕಾಚ್ ನಾಪ್ ಹೈ,” ಅಂದ. ಅಂದರೆ ನನ್ನದೇ ಅಳತೆ. ಹೊಟ್ಟೆಯ ಬಗ್ಗೆ ಮಾತ್ರ ನಕ್ಕ.

ಮನೆಗೆ ಬಂದು ಅವ್ವನನ್ನು ಕೇಳಿದೆ. ಆಕೆ ಶೇಂಗಾ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

“ನಿನ್ನ ಲಗ್ನಕ್ಕಂತ ಬಿಚ್ಚಿಸಿದ್ರು. ನೀ ಅವರಕಿಂತ ಎತ್ತರ ಅಲ್ಲೇನು? ನಿನ್ನ ಅಂಗಿ ಒಯ್ದು ಅಳತಿ ಕೊಟ್ಟು ಬಂದ್ರು. ಅಷ್ಟರಾಗ ನೀ ಸೂಟ್ ಹೊಲಿಸಿದ್ದಿ.”

“ನನಗ ಹೇಳಬೇಕಾಗಿತ್ತಲ್ಲವ್ವಾ.”

“ಹೇಳಬ್ಯಾಡ ಅಂದ್ರು. ‘ಅವಗ ನಾಚಿಕಿ ಆಗತೈತಿ’ ಅಂದ್ರು.” ಇನ್ನೊಂದು ಶೇಂಗಾ ಸುಲಿದು, “ಈಗೂ ಆಗತೈತೇನು?” ಎಂದು ಕೇಳಿದಳು.

ನೀವು ಮರೆತಿರಲಿಲ್ಲ, ಹಾಗಾದರೆ. ಮರೆಯದೆಯೂ ದರ್ಜಿಯ ಹತ್ತಿರ ಹೋಗಿದ್ದಿರಿ. ನಕ್ಕವನ ಅಳತೆ ಕೊಡುವಾಗ ಏನು ಯೋಚಿಸುತ್ತಿದ್ದಿರಿ? ಒಂದು ಸಲ ಕೇಳಿಬಿಟ್ಟಿದ್ದರೆ ನಾನು ಹೂಂ ಅನ್ನುತ್ತಿದ್ದೆನೇ? ಅನ್ನುತ್ತಿರಲಿಲ್ಲ. ಅದು ನಿಮಗೆ ಗೊತ್ತಿತ್ತು. ಅದಕ್ಕೇ...

ನಾಳೆ ಬೆಳಿಗ್ಗೆ ವಿಮಾನ. ಸೂಟು ಅಮೀರ್‌ಪೇಟ್‌ಗೆ ವಾಪಸು ಹೋಯಿತು. ಶೇರ್ವಾನಿ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲಿದೆ. ಬೇವಿನೆಲೆಯನ್ನೂ ಅವ್ವ ಹೊಸದು ಇಟ್ಟಿದ್ದಾಳೆ. ದರ್ಜಿ ಹೊಟ್ಟೆಯ ಹತ್ತಿರ ಹೊಲಿಗೆ ಸಡಿಲಿಸಿದ್ದಾನೆ. ಕೊರಳೂ ನನಗೆ ಬಿಗಿ. ಹುಕ್ಕನ್ನು ಅರ್ಧ ಇಂಚು ಸರಿಸಲೇ ಎಂದು ಕೇಳಿದ. ಬೇಡವೆಂದೆ. ಎರಡೂ ರಾತ್ರಿ, ಯಾರು ನೋಡಿದರೂ, ಯಾರು ನಕ್ಕರೂ, ಊಟ ಮುಗಿದು ಅವ್ವ ಏಳುವವರೆಗೆ ಅದನ್ನು ಬಿಚ್ಚುವುದಿಲ್ಲ.

ನಿಮಗಿಂತ ಎರಡು ಬೆರಳು ಎತ್ತರದ,
ನಿಮ್ಮ ಮಗ