ಆತು ಅಂದ್ರೆ ಆತಾ?

ಜನವರಿ 7, ಮಂಗಳವಾರ

ಗಂಟಲು ಪೂರ್ತಿ ಕೆಟ್ಟದೆ. ಬೆಳಿಗ್ಗೆ ಹೊನ್ನಾವರ ಬಂದರಲ್ಲಿ ಮೂರು ಬೋಟಿನ ಮೀನು ಹರಾಜು ಕೂಗಿದೆ. ಒಂದು... ಎರಡು... ಆತು! ಹದಿನಾಲ್ಕು ವರ್ಷದಿಂದ ಇದೇ. ಇವತ್ತೊಬ್ಬ ತಡವಾಗಿ ಬಂದು ಹಲ್ಲು ಕಿರಿದ. "ಅರ್ಚನಕ್ಕ, ಇನ್ನೊಂದ್ಸಲ ಕೂಗಿ." ಆತು ಅಂದ್ರೆ ಆತು ಮಾರಾಯ, ಅಂದೆ. ನಾನು ಆತು ಅಂದ್ಮೇಲೆ ಬುಟ್ಟಿ ವಾಪಸ್ ಬಂದದ್ದೇ ಇಲ್ಲ.

ಮಧ್ಯಾಹ್ನ ಸ್ಕೂಟಿ ಹತ್ತಿ ನಮ್ಮೂರು ಬಾಡಕ್ಕೆ. ಊಟ ಮುಗಿಸಿ ಸೀದಾ ಗುಡ್ಡೆ ಮೇಲೆ. ಮಂಗಳವಾರ — ಗಾಲ್ಫು!

ಗುಡ್ಡೆಯ ಗೇರುಮರದ ಹಕ್ಕಲದಲ್ಲಿ ಗಾಲ್ಫ್ ಕ್ಲಬ್ ಮಾಡಿದಾಗ ಊರಲ್ಲಿ ಗಲಾಟೆ ಆಗಿತ್ತಲ್ಲ, ಆಗಿನ ಒಪ್ಪಂದ ಇದು. ಸಮುದ್ರದ ಕಡೆಗಿನ ಹಳೇ ಕಾಲುದಾರಿ ಮುಚ್ಚೂಕಿಲ್ಲ. ಮಂಗಳವಾರ ಊರವರೂ ಆಡಬಹುದು, ಒಂದು ವರ್ಷ. ಮಾರ್ಚ್ 31ರ ಒಳಗೆ ಹ್ಯಾಂಡಿಕ್ಯಾಪ್ ತಗೊಂಡು, ಕ್ಲಬ್ಬಿನ ಒಂದಾದ್ರೂ ಕಾಂಪಿಟಿಷನ್ ಪೂರ್ತಿ ಆಡಿದವರು ಖಾಯಂ ಮೆಂಬರ್. ಉಳಿದವರಿಗೆ ಟಾಟಾ. ಹನ್ನೊಂದು ಜನ ಸೇರಿದ್ದೆವು. ಬಿಸಿಲು ಅಂತ ಐದು ಜನ, ಬೋರು ಅಂತ ಮೂವರು, ಹೆಂಡ್ತಿ ಬೈತಾಳೆ ಅಂತ ಇಬ್ಬರು ಬಿಟ್ರು. ಉಳಿದದ್ದು ನಾನೊಬ್ಳು.

ನಂಗೆ ಮಾತ್ರ ಇದು ಬೇಕೇ ಬೇಕು. ಅಲ್ಲಿ ಯಾರೂ ಕೂಗೂಕಿಲ್ಲ. ನಾನೂ ಕೂಗೂಕಿಲ್ಲ. ಬಾಲ್ ನೋಡೂದು, ಹೊಡೆಯೂದು, ಹುಡುಕೂದು. ವಾರದಲ್ಲಿ ಆ ಎರಡು ತಾಸು ನಾನು ಬಾಯಿ ಮುಚ್ಚಿ ಖುಷಿಯಾಗಿ ಇರ್ತೆ.

ಜನವರಿ 14, ಮಂಗಳವಾರ

ಮೂರನೇ ಕಾರ್ಡ್ ಆತು. ಒಂಬತ್ತು ಹೋಲಿನ ಆರು ಕಾರ್ಡ್ ಕೊಟ್ರೆ ಹ್ಯಾಂಡಿಕ್ಯಾಪ್ ಕೊಡ್ತಾರೆ. ಅಂದ್ರೆ ಚೆನ್ನಾಗಿ ಆಡುವವರ ಜೊತೆ ನನ್ನಂಥವರೂ ನಿಲ್ಲೂಕೆ ಇಷ್ಟು ಹೊಡೆತ ಮಾಫಿ ಅಂತ ಒಂದು ನಂಬರ್.

ಇವತ್ತು ಅಪ್ಪ ಚೀಲ ಹೊತ್ಕೊಂಡು ಬಂದಿದ್ದ. ದೋಣಿ ಬಿಟ್ಟ ಮೇಲೆ ಅವನಿಗೆ ಹೊತ್ತು ಹೋಗೂದಿಲ್ಲ. ನಾನು ಬೀಸೂದು ನೋಡಿ ನೋಡಿ ಕಡೆಗೆ ಅಂದ, "ಮಗಾ, ಕೈಯಲ್ಲಿ ಎಂತಕ್ಕೆ ಬೀಸ್ತೆ? ಬಲೆ ಬೀಸಿದ ಹಾಗೆ ಸೊಂಟ ತಿರುಗ್ಸು." ತಿರುಗಿಸಿದೆ. ದೇವ್ರಾಣೆ, ಬಾಲ್ ಧಾರೇಶ್ವರಕ್ಕೇ ಹೋತೇನೋ ಅನಿಸ್ತು! ಅಪ್ಪ ಬೀಡಿ ಹಚ್ಚಿ, ತಾನೇ ಹೊಡೆದವನ ಹಾಗೆ ನಿಂತ.

ಹೋಲಿನ ಹತ್ರ ಬಾಲ್ ಬಂತು ಅಂದ್ರೆ ಉದಯಣ್ಣ ಬಿಡೂದೇ ಇಲ್ಲ. ಹುಲ್ಲು ನೋಡ್ಕೊಳ್ಳೂದೂ ಅವನೇ, ನಮಗೆ ಕಲಿಸೂದೂ ಅವನೇ, ನನ್ನ ಕಾರ್ಡಿಗೆ ಸಹಿ ಹಾಕೂದೂ ಅವನೇ. "ಹತ್ರ ಬಂತಲೇ, ಆತು, ತೆಗಿ. ಒಂದು ಹೊಡೆತ ಸೇರಿಸಿ ಬರಿ. ಕತ್ತಲಾಗೂದ್ರೊಳಗೆ ನಂಗೆ ನೀರು ಬಿಡೂಕದೆ." ಆತು ಅಂದ್ಮೇಲೆ ನಾನು ಎತ್ತಿ ಕಿಸೆಗೆ ಹಾಕ್ತೆ. ಆ ಮಾತಿಗೆ ನನ್ನಷ್ಟು ಬೆಲೆ ಯಾರು ಕೊಡ್ತಾರೆ?

ಫೆಬ್ರವರಿ 4, ಮಂಗಳವಾರ

ಬಂತು! ಹ್ಯಾಂಡಿಕ್ಯಾಪ್ 41!!

ಅಪ್ಪ ಕೇಳಿದ, "ಎಷ್ಟಕ್ಕೆ?" ಸೊನ್ನೆ ಹತ್ರ ಬಂದಷ್ಟೂ ಒಳ್ಳೇದು ಅಂದೆ. "ಹಾಗಾದ್ರೆ ನಲವತ್ತೊಂದು ಎಂತ ದೊಡ್ಡದು? ಎಸ್ಸೆಸ್ಸೆಲ್ಸಿ ಲೆಕ್ಕದಲ್ಲೂ ನಿಂಗೆ ಅಷ್ಟೇ ಬಿದ್ದಿತ್ತು." ಅಪ್ಪನಿಗೆ ಬೇಡದ್ದೆಲ್ಲ ನೆನಪಿರ್ತದೆ.

ಪಕ್ಕದ ಮನೆ ಮಂಜತ್ತೆ ಮೀನು ಬುಟ್ಟಿ ಇಳಿಸಿ ಓಡಿ ಬಂದಳು. "ಅಯ್ಯೋ ಮಗಾ, ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಬಂತಂತೆ? ಕಾಲಿಗಾ, ಕಣ್ಣಿಗಾ?" ಬಿಡಿಸಿ ಹೇಳೂಕೆ ಅರ್ಧ ತಾಸು ಬೇಕಾತು. ಹೋಗುವಾಗ ಮತ್ತೆ ತಿರುಗಿ ನಿಂತು, "ಬಸ್ ಪಾಸ್ ಕೊಡೂದಿಲ್ವಾ ಹಾಗಾದ್ರೆ?" ಅಂದಳು.

ಮಾರ್ಚ್ 4, ಮಂಗಳವಾರ

ತಿಂಗಳಾತು ಬರೆಯದೆ. ಬಂಗಡೆ ಅಂದ್ರೆ ಬಂಗಡೆ. ಬೋಟಿನ ಹಿಂದೆ ಬೋಟು. ಫೆಬ್ರವರಿ ಕಾಂಪಿಟಿಷನ್ ದಿನ ಮಧ್ಯಾಹ್ನ ಎರಡರವರೆಗೆ ಕೂಗ್ತಾ ಇದ್ದೆ. ತಪ್ಪಿ ಹೋತು. ಅತ್ತೂ ಬಿಟ್ಟೆ, ಐಸ್ ಪೆಟ್ಟಿಗೆ ಹಿಂದೆ ನಿಂತು. ಯಾರೂ ನೋಡ್ಲಿಲ್ಲ.

ಇನ್ನುಳಿದದ್ದು ಒಂದೇ — ಮಾರ್ಚ್ 23. ಅದೂ ತಪ್ಪಿದ್ರೆ ಮುಗೀತು.

ಮಾರ್ಚ್ 16, ಭಾನುವಾರ

ಬೋರ್ಡಿನಲ್ಲಿ ಹೆಸರು ಬರೆದು ಬಂದೆ. ಅಲ್ಲಿದ್ದವರೆಲ್ಲ ಡಾಕ್ಟ್ರು, ವಕೀಲ್ರು, ಸಾಬೂನಿನ ವಾಸನೆ. ನಂದು ಎಂತ ವಾಸನೆ ಅಂತ ನಂಗೆ ಗೊತ್ತದೆ, ಮೂರು ಸಲ ಸ್ನಾನ ಮಾಡಿ ಹೋಗಿದ್ದೆ. ಕ್ಯಾಪ್ಟನ್ ಶಾಂಭವಿ ಡಾಕ್ಟ್ರು, ಕುಮಟೆಯ ಹಲ್ಲಿನ ಡಾಕ್ಟ್ರು, ನಿಯಮದ ಹಾಳೆ ಕೊಟ್ರು. ಇರುವೆ ಸಾಲಿನ ಹಾಗೆ ಸಣ್ಣ ಇಂಗ್ಲಿಷು. "ಒಂದೇ ನೆನಪಿಟ್ಕೋ ಅರ್ಚನಾ. ಪ್ರತಿ ಹೋಲಲ್ಲೂ ಬಾಲ್ ಒಳಗೇ ಬೀಳ್ಬೇಕು. ಒಂದು ಬಿಟ್ರೂ ಔಟ್." ಹ್ಞೂಂ ಅಂದೆ. ಬೀಳದೆ ಎಲ್ಲಿ ಹೋಗ್ತದೆ?

ಮಾರ್ಚ್ 23, ಭಾನುವಾರ, ಬೆಳಿಗ್ಗೆ 5.30

ಇವತ್ತು ಹರಾಜಿಗೆ ನನ್ನ ಬದಲು ಗಂಡ. ಅಜಯ ದೋಣಿಯಲ್ಲಿ ಹುಲಿ, ನಾಲ್ಕು ಜನರೆದುರು ಇಲಿ. "ಜೋರಾಗಿ ಆತು ಅನ್ನು ಮಾರಾಯ" ಅಂತ ಕಲಿಸಿ ಕಳಿಸಿದೆ.

ಅದೇ ದಿನ, ಮಧ್ಯಾಹ್ನ 1.00

ಆದದ್ದು ಆದ ಹಾಗೆ ಬರೀತೆ.

ಜೊತೆಗೆ ಸಿಕ್ಕಿದವರು ಶ್ರೀಕೃಷ್ಣ ಹೆಗಡೇರು. ತೋಟದವರು, ಬ್ಯಾಂಕ್ ಮ್ಯಾನೇಜರಾಗಿ ರಿಟೈರ್ ಆದವರು. ನನ್ನ ಹೊಡೆತ ಅವರು ಬರೆಯೂದು, ಅವರದ್ದು ನಾನು. ಮೂರು ಹೋಲ್ ಚಲೋ ಆತು, ಮೂರರಲ್ಲೂ ದೂರದಿಂದಲೇ ಸೀದಾ ಒಳಗೆ ಬಿತ್ತು, ದೇವರ ದಯೆ. ನಾಲ್ಕನೇದರಲ್ಲಿ ಐದು ಹೊಡೆತಕ್ಕೆ ಬಾಲ್ ಹೋಲಿನಿಂದ ಎರಡು ಗೇಣು. ಹೆಗಡೇರು ನನ್ನ ಬಾಲನ್ನೇ ನೋಡ್ತಾ ತಲೆ ಆಡಿಸಿ ಅಂದ್ರು — "ಆತು."

ಬಿದ್ದ ಲೆಕ್ಕವೇ ಅಂತ ಎತ್ತಿ ಕಿಸೆಗೆ ಹಾಕಿದೆ.

ಐದನೇ ಹೋಲಿಗೆ ನಡೆದೆವು. ಅವರು ಪೆನ್ಸಿಲ್ ತೆಗೆದ್ರು. "ನಿಂದು ಎಷ್ಟಾತು?"

"ಆರು. ನೀವು ಆತು ಅಂದ್ರಲಾ."

"ನಾನಾ? ಯಾವಾಗ?"

ಆಗ ಕಂಡಿತು, ಟೊಪ್ಪಿಯ ಆಚೆ, ಬಲಗಿವಿಯಲ್ಲಿ ಬಿಳೀ ಗುಂಡಿಯಂಥದ್ದು. ಬ್ಲೂಟೂತ್! ಆಚೆಯಿಂದ ಹೆಂಡ್ತಿ ಇನ್ನೂ ಮಾತಾಡ್ತಾ ಇದ್ದಳು. "ಹೇಳದ್ನಲೇ, ಆತು, ತೊಂಡೆಕಾಯಿ ತಕಂಡೇ ಬತ್ತೆ" ಅಂತ ಅವಳಿಗೆ ಹೇಳಿ ಕಿತ್ತು ತೆಗೆದ್ರು. ಮುಖ ಸುಣ್ಣ ಆಗಿತ್ತು. ಅಯ್ಯೋ ದೇವ್ರೇ. ತೊಂಡೆಕಾಯಿಯ ಆತಿಗೆ ನಾನು ಬಾಲ್ ಎತ್ತಿದ್ದೆ!

ಹೆಗಡೇರು ಮೆತ್ತಗೆ ಅಂದ್ರು, "ತಪ್ಪು ನಂದು. ಆರು ಅಂತ ಬರೆದ್ಬಿಡ್ತೆ. ಇಲ್ಲಿ ನಾವಿಬ್ರೇ."

ಆಸೆ ಆಗಲಿಲ್ಲ ಅಂದ್ರೆ ಸುಳ್ಳು. ಆತು, ಬರೀರಿ ಅನ್ನೂಕೆ ಬಾಯಿ ತೆರೆದೆ. ಆದ್ರೆ ಆ ಶಬ್ದ ಹೊರಗೆ ಬರಲೇ ಇಲ್ಲ. ಹದಿನಾಲ್ಕು ವರ್ಷ ಆ ಮಾತು ತಿಂದೇ ಬದುಕಿದವಳು ನಾನು.

"ಬೇಡ ಹೆಗಡೇರೆ. ಬಿದ್ದಿಲ್ಲ ಅದು."

ಪಾಪ, ಮೊಬೈಲಲ್ಲಿ ನಿಯಮ ಹುಡುಕಿದ್ರು. ಐದನೇ ಹೋಲಿಗೆ ಹೊಡೆಯುವ ಮೊದಲು ತಿರುಗಿ ಹೋಗಿ, ಬಾಲ್ ಅಲ್ಲೇ ಇಟ್ಟು ಹಾಕಿದ್ರೆ ಸಾಕು, ಒಂದು ಹೊಡೆತ ದಂಡ. "ಓಡು!" ಅಂದ್ರು. ಓಡಿದೆ. ನಡುವೆ ಕಾಲುದಾರಿ, ಅಲ್ಲಿ ಬೋರ್ಡು — 'ಮೀನು ಬುಟ್ಟಿ ದಾಟುವವರೆಗೆ ಆಟ ನಿಲ್ಲಿಸಿ'. ಸರಿಯಾಗಿ ಆವಾಗಲೇ ಎಂಟು ಬುಟ್ಟಿ, ಮುಂದೆ ಮಂಜತ್ತೆ! ನನ್ನ ಮುಖ ನೋಡಿ ಬುಟ್ಟಿ ಇಳಿಸಿಯೇ ಬಿಟ್ಟಳು. "ಎಂತ ಆತೆ ಮಗಾ? ಯಾರು ಎಂತ ಅಂದ್ರು?" ಎಂಟೂ ಜನ ಗ್ರೀನಿನ, ಅಂದ್ರೆ ಹೋಲಿರುವ ನುಣ್ಣನೆ ಹುಲ್ಲಿನ, ಸುತ್ತ ನಿಂತ್ರು.

ಎರಡು ಗೇಣು. ಆವಾಗ ತಲೆಗೆ ಹೊಳೆಯಿತು — ಹುಟ್ಟಿದಾಗಿನಿಂದ ನಾನು ಎರಡು ಗೇಣಿನ ಬಾಲ್ ಹೋಲಿಗೆ ಹಾಕಿದ್ದೇ ಇಲ್ಲ. ಎಲ್ಲಾ ಉದಯಣ್ಣನ ಆತು!

ಮೊದಲನೇದು ಆಚೆ ಹೋತು. ಎರಡನೇದು ಹೋಲಿನ ಬಾಯಿ ಮುಟ್ಟಿ ತಿರುಗಿ ಬಂತು. "ಬಲಕ್ಕೆ ತಳ್ಳೇ!" ಅಂತ ಒಬ್ಳು, "ಸುಮ್ಮನಿರೇ, ಅವಳಿಗೆ ಗೊತ್ತದೆ" ಅಂತ ಮಂಜತ್ತೆ. ನಂಗೆ ಎಂತ ಮಣ್ಣೂ ಗೊತ್ತಿರಲಿಲ್ಲ. ಮೂರನೇದು ಒಳಗೆ, ಟಣ್! ಮಂಜತ್ತೆ ಬಂದರಿಗೆ ಕೇಳುವ ಹಾಗೆ ಕೂಗಿದಳು, "ಆ...ತು!"

ಆರು ಇರಬೇಕಾದಲ್ಲಿ ಒಂಬತ್ತು. ಮುಂದಿನ ಐದು ಹೋಲಲ್ಲೂ ಅದೇ ಹಣೆಬರಹ. ಇಪ್ಪತ್ತಾರು ಜನರಲ್ಲಿ ಇಪ್ಪತ್ತಾರನೆಯವಳು. ಆದ್ರೆ ಕಾರ್ಡ್ ಪೂರ್ತಿ! ಡಾಕ್ಟ್ರು ಕೈ ಕುಲುಕಿ, "ಬಾಡದಿಂದ ಮೊದಲನೇ ಮೆಂಬರ್" ಅಂದ್ರು. ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನೂ ನಕ್ಕೆ. ಪೂರ್ತಿ ನಗು ಬರಲಿಲ್ಲ.

ಮಾರ್ಚ್ 25, ಮಂಗಳವಾರ

ಎರಡು ದಿನದಿಂದ ಊಟ ಸೇರ್ತಿಲ್ಲ. ಅಪ್ಪ ಕಾಣೆ ಮೀನಿನ ಫ್ರೈ ಮುಂದಿಟ್ರೂ ಸೇರ್ತಿಲ್ಲ. ಆ ಆರು ಕಾರ್ಡು... ಒಂದರಲ್ಲೂ ನಾನು ಸರಿಯಾಗಿ ಬಾಲ್ ಹಾಕಿದ್ದಿಲ್ಲ. ಹಾಗಾದ್ರೆ 41 ನಂದಲ್ಲ. ನಂದಲ್ಲದ ನಂಬರಿಂದ ಮೆಂಬರ್ ಆಗಿ ಎಂತ ಮಾಡೂದು?

ಹರಾಜು ಮುಗಿದದ್ದೇ ಕುಮಟೆಗೆ ಹೋದೆ, ಡಾಕ್ಟ್ರ ಕ್ಲಿನಿಕ್ಕಿಗೆ. ಅವರು ಮಾತೇ ಕೇಳದೆ ಕುರ್ಚಿ ಮೇಲೆ ಮಲಗಿಸಿ ಲೈಟ್ ಹಾಕಿದ್ರು. "ಬಾಯಿ ತೆಗಿ." ಬಾಯಿ ತೆಗೆದು ಎಲ್ಲಾ ಹೇಳಿದೆ. ಹಲ್ಲಿಗೆ ಬಂದದ್ದಲ್ಲ ಅಂತ ಅವರಿಗೆ ಗೊತ್ತಾಗೂಕೆ ಸ್ವಲ್ಪ ಹೊತ್ತು ಹಿಡಿಯಿತು.

ಮಾಸ್ಕ್ ಇಳಿಸಿದ್ರು. "ನೀ ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ನಂಗೆ ಗೊತ್ತದೆಯಲ್ಲ ಡಾಕ್ಟ್ರೇ."

ಲೈಟ್ ಆರಿಸಿದ್ರು. ಆಮೇಲೆ, ಆ ನಂಬರ್ ರದ್ದು ಮಾಡದೆ ಗತಿ ಇಲ್ಲ ಅಂದ್ರು. 31ರ ಒಳಗೆ ಹೊಸದಾಗಿ ಆರು ಕಾರ್ಡ್ ಬೇಕು, ಒಂದೂ ಆತು ಇಲ್ಲದೆ. ಬಂದ್ರೆ ಕಾಂಪಿಟಿಷನ್ ಲೆಕ್ಕಕ್ಕೆ, ಇಲ್ಲಾಂದ್ರೆ ಇಲ್ಲ. ಮಂಗಳವಾರಕ್ಕೆ ಕಾಯೂದು ಬೇಡ, ದಿನಾ ಬಂದು ಆಡು ಅಂದ್ರು. ಹೊರಗೆ ಬಂದು ಮೂರು ಇಡ್ಲಿ ತಿಂದೆ. ಹಸಿವಾಗಿತ್ತು!

ಉದಯಣ್ಣ ತಲೆ ಮೇಲೆ ಕೈ ಹೊತ್ತ. "ನನ್ನ ಅವಸರ ನಿನ್ನ ಕುತ್ತಿಗೆಗೆ ಬಂತಲೇ ತಂಗಿ." ನಿಂಗೆ ಬೈಯೂಕೂ ಪುರುಸೊತ್ತಿಲ್ಲ ಈಗ, ಅಂದೆ.

ಮಾರ್ಚ್ 27, ಗುರುವಾರ

ಅಪ್ಪ ಅಂಗಳದಲ್ಲಿ ಹೋಲಿನ ಬದಲು ಗರಟೆ ಹುಗಿದು ಕೊಟ್ಟಿದ್ದಾನೆ. ಎರಡು ಗೇಣು ಅಳೆದು ಸುತ್ತ ಗೆರೆ. ಇನ್ನೂರು ಸಲ ಹಾಕಿದೆ. ಕಾರ್ಡ್ ಎರಡು ಆತು.

ಮಾರ್ಚ್ 30, ಭಾನುವಾರ, ಯುಗಾದಿ

ನಾಲ್ಕನೇದು. ನನ್ನ ಜೊತೆ ದಿನಾ ಬರೂದು ಹೆಗಡೇರೇ, ಬೇಡ ಅಂದ್ರೂ ಕೇಳೂದಿಲ್ಲ. ಇವತ್ತು ಬೇವು ಬೆಲ್ಲ ಹಿಡ್ಕೊಂಡೇ ಬಂದ್ರು. ಬ್ಲೂಟೂತ್ ಮನೆಯಲ್ಲೇ. ಆತು ಅನ್ನೂದನ್ನೇ ಬಿಟ್ಟಿದ್ದಾರೆ, ಎಲ್ಲದಕ್ಕೂ 'ಓಕೆ'. ಹೆಂಡ್ತಿಗೂ ಓಕೆ ಅಂತಾರಂತೆ. ಅವಳಿಗೆ ಸಿಟ್ಟು ಬಂದದಂತೆ.

ಮಾರ್ಚ್ 31, ಸೋಮವಾರ, ಸಂಜೆ 6.10

ರಂಜಾನ್ ಹಬ್ಬ. ಭಟ್ಕಳದ ವ್ಯಾಪಾರಿಗಳು ಬರಲಿಲ್ಲ, ಹರಾಜು ಬೇಗ ಮುಗೀತು, ಪುಣ್ಯ. ಐದನೇ ಕಾರ್ಡ್ ಮಧ್ಯಾಹ್ನ. ಆರನೇದರ ಕೊನೇ ಗ್ರೀನಿನಲ್ಲಿ ನಿಂತೇ ಬರೀತಾ ಇದ್ದೇನೆ, ಕಾರ್ಡಿನ ಪೆನ್ಸಿಲಲ್ಲಿ. ಹೆಗಡೇರ ಸರದಿ. ಅವರು ಬಗ್ಗಿ ಬಗ್ಗಿ ನೋಡೂದು ಮುಗೀಲಿಲ್ಲ.

ನಂದು ಎರಡು ಗೇಣು ಉಳಿದದೆ. ಹೊತ್ತು ಇಳೀತಾ ಅದೆ. ಮಂಜತ್ತೆ ಖಾಲಿ ಬುಟ್ಟಿ ಕವುಚಿ ಅದರ ಮೇಲೆ ಕೂತಿದ್ದಾಳೆ. ಉದಯಣ್ಣ ಬಾಯಿಗೆ ಟವೆಲ್ ಅಡ್ಡ ಹಿಡಿದಿದ್ದಾನೆ. ಅಪ್ಪ ಬೀಡಿ ಹಚ್ಚೂಕೆ ಮರೆತಿದ್ದಾನೆ. ಹೆಗಡೇರದ್ದು ಮುಗೀತು. ಹೋಗ್ತೆ.

6.25

ಆತು.

ನಾನೇ ಅಂದದ್ದು. ಬಿದ್ದ ಮೇಲೆ.

ಹೊಸ ನಂಬರ್ ಐವತ್ತರ ಹತ್ರ ಬರ್ತದಂತೆ. ಬರಲಿ, ನಂದೇ ಅಲ್ವಾ. ಮಂಜತ್ತೆ ಈಗ ಎಲ್ಲಾ ಸೇರಿ ಹೆಗಡೇರಿಗೆ ಬಂಗಡೆ ತಿನ್ನಿಸ್ಬೇಕು ಅಂತ ಹಟ ಹಿಡಿದಿದ್ದಾಳೆ, ಅವರು ಮೀನು ತಿನ್ನೂದಿಲ್ಲ ಅಂತ ಎಷ್ಟು ಹೇಳಿದ್ರೂ — ಅಪ್ಪ ಕರೀತಾ ಇದ್ದಾನೆ, ಬಂದೆ, ಬಂದೆ