ಇಬ್ಬರ ಅಳತೆಯ ಫೋರ್ಕ್

ಮಾರ್ಚ್ 3, ಭಾನುವಾರ

ಮತ್ತೆ ಎಣ್ಣೆ. ಬೈಕಿನ ಮುಂಚಕ್ರ ಹಿಡಿದಿರುವ ಫೋರ್ಕ್‌ನ ಎಡಗಾಲಿನಿಂದ ಇಳಿದು ಚಕ್ರದವರೆಗೂ ಬಂದಿದೆ. ಬೆಳಿಗ್ಗೆ ಒರೆಸಿದ್ದೆ. ಸಂಜೆ ನೋಡಿದರೆ ಹೊಸ ಗೆರೆ. ಒರೆಸುವ ನಾಟಕ ಸಾಕು. ಫೋರ್ಕ್‌ನ ಎರಡೂ ಕಾಲು ಬಿಚ್ಚಿ, ಎಣ್ಣೆ ತಡೆಯುವ ಸೀಲು ಬದಲಾಯಿಸಲೇಬೇಕು. ಅಪ್ಪನ ಕಾಲದ ಬೈಕು. ಅಪ್ಪನಷ್ಟೇ ಹಟ.

ಅಕ್ಕ ಫೋನ್ ಮಾಡಿದ್ದಳು. ಭಾನುವಾರದ ಹಾಜರಿ.

"ಊಟ ಆಯ್ತಾ?"

"ಹೂಂ."

"ಏನ್ ಮಾಡ್ತಿದೀಯ?"

"ಏನಿಲ್ಲ."

"ಇನ್ನೂ ಕೋಪ ಇಳಿದಿಲ್ವೇನೇ?"

"ಯಾರಿಗೆ ಕೋಪ?"

ಕೋಪವೇ. ಇದನ್ನು ಯಾರೂ ಓದುವುದಿಲ್ಲ, ಬರೆಯಬಹುದು. ಪರದೆ ಹೊಲಿಸಲು ಟೈಲರ್ ಅಂಗಡಿಗೆ ಹೋದವಳು, ಐವತ್ತೆರಡನೇ ವಯಸ್ಸಿನಲ್ಲಿ ಟೈಲರನ್ನೇ ಕಟ್ಟಿಕೊಂಡು ಪಕ್ಕದ ಊರಿಗೆ ಹೊರಟುಹೋದಳು. ಅಪ್ಪ ಅಮ್ಮ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಒಂದು ಮಾತು ಮೊದಲೇ ಹೇಳಬಾರದಿತ್ತೇ? ಪರದೆ ಮಾತ್ರ ಚೆನ್ನಾಗಿ ಹೊಲಿದಿದ್ದಾನೆ, ಪುಣ್ಯಾತ್ಮ.

ಮಾರ್ಚ್ 9, ಶನಿವಾರ

ಹಲ್ಲಿನ ಲ್ಯಾಬ್‌ನಲ್ಲಿ ಮಧ್ಯಾಹ್ನದವರೆಗೆ ಒಬ್ಬ ಅಜ್ಜಿಯ ಮೇಲ್ದವಡೆಯ ಸೆಟ್ಟು. ಹಲ್ಲು ಕೂರಿಸಿ, ಮೇಣ ತಿದ್ದಿ ಕೊಟ್ಟು ಬಂದೆ. ಬಂದವಳೇ ಬಿಚ್ಚಲು ಕೂತೆ.

ಇಂಜಿನ್ ಕೆಳಗೆ ಜಾಕ್. ಚಕ್ರ, ಮಡ್‌ಗಾರ್ಡ್ ಬಂತು. ಎಡಗಾಲು ಸಲೀಸಾಗಿ ಜಾರಿತು, ಬಲಗಾಲು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬೈದೆ, ತಟ್ಟಿದೆ, ಮತ್ತೆ ಬೈದೆ. ಬಂತು.

ಎರಡನ್ನೂ ಅಕ್ಕನ ಕೋಣೆಗೆ ತಂದು ಪೇಪರ್ ಹಾಸಿ ಮಲಗಿಸಿದೆ. ಬೆಳಕು ಚೆನ್ನಾಗಿ ಬರುವುದು ಅಲ್ಲೇ. ಎಣ್ಣೆ ಬಗ್ಗಿಸಿದರೆ ಕಪ್ಪಗೆ, ಕೊಳೆತ ಮೀನಿನ ವಾಸನೆ. ಎಡಗಡೆಯದರಲ್ಲಂತೂ ಅರ್ಧವೂ ಉಳಿದಿರಲಿಲ್ಲ. ಅವಳು ಇದ್ದಿದ್ದರೆ ಮನೆ ಹಾರಿಹೋಗುವಂತೆ ಕಿರುಚುತ್ತಿದ್ದಳು. ಸ್ವಲ್ಪ ಹೊತ್ತು ಬಾಗಿಲ ಕಡೆಯೇ ನೋಡಿದೆ. ಯಾರೂ ಕಿರುಚಲಿಲ್ಲ.

ಮಾರ್ಚ್ 10, ಭಾನುವಾರ

ಸ್ಪ್ರಿಂಗ್‌ಗಳು ಕುಗ್ಗಿಹೋಗಿವೆ. ಹೊಸದು ತರಿಸಿದ್ದೇನೆ. ಸ್ಪ್ರಿಂಗ್ ಮೇಲೆ ಕೂರುವ ಪೈಪಿನ ತುಂಡುಗಳು ಮಾತ್ರ ಗಟ್ಟಿಮುಟ್ಟು. ನಾನೇ ಕೊಯ್ದವು. ಅಕ್ಕ ದಿನಾ ಹಿಂದೆ ಕೂರಲು ಶುರು ಮಾಡಿದಾಗ, ಬ್ರೇಕ್ ಹಾಕಿದರೆ ಮುಂಭಾಗ ಕುಸಿದು ಧಡ್ ಎನ್ನುತ್ತಿತ್ತು. ಸೇತುವೆ ಮೇಲೆ ಜೋಡಿ ಗುಂಡಿ ಇದೆಯಲ್ಲ, ಅಲ್ಲಂತೂ ತಪ್ಪದೆ ನನ್ನ ಬೆನ್ನಿಗೆ ಒಂದು ಗುದ್ದು. "ಮೂಟೆ ಅನ್ಕೊಂಡ್ಯೇನೇ ನನ್ನ?" ಆಗ ಅಪ್ಪ ಹಾಕಿದ್ದ ತುಂಡು ತೆಗೆದು ಇವನ್ನು ಉದ್ದಕ್ಕೆ ಕೊಯ್ದು ಹಾಕಿದ್ದೆ. ಪೈಪು ಉದ್ದವಾದಷ್ಟೂ ಸ್ಪ್ರಿಂಗ್ ಬಿಗಿ. ಗುದ್ದು ಕಡಿಮೆಯಾಯಿತು, ಬೈಗುಳ ಉಳಿಯಿತು.

ತೊಳೆದು ಒಣಗಿಸಿದೆ. ಹೊರಕೊಳವೆಯ ತುಕ್ಕನ್ನು ಹಲ್ಲಿಗೆ ಪಾಲಿಶ್ ಮಾಡುವ ಪುಡಿಯಲ್ಲೇ ಉಜ್ಜಿದೆ. ಮುಖ ಕಾಣುವಷ್ಟು ಹೊಳಪು. ಕಂಡ ಮುಖಕ್ಕೆ ಹೊಳಪಿಲ್ಲ.

ಫೋನ್ ಬಂತು. ಹೂಂ, ಹೂಂ, ಏನಿಲ್ಲ.

ಮಾರ್ಚ್ 16, ಶನಿವಾರ

ಸೀಲಿನ ತುಟಿ ಹರಿಯದಂತೆ ಕೊಳವೆಯ ತುದಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಗ್ರೀಸ್ ಸವರಿ ಇಳಿಸಿದೆ. ನೀರಿನ ಪೈಪಿನ ತುಂಡಿಟ್ಟು ಸುತ್ತಲೂ ಮೆಲ್ಲಗೆ ತಟ್ಟಿದೆ. ಟಕ್ ಟಕ್ ಎನ್ನುತ್ತಿದ್ದದ್ದು ಒಮ್ಮೆಗೇ ದಪ್ಪ ಸದ್ದಾಯಿತು, ಅಂದರೆ ಕೂತಿತು. ಎರಡೂ ಕಾಲಿಗೆ ಎಣ್ಣೆ ಒಂದೇ ಮಟ್ಟಕ್ಕೆ. ಗಾಳಿ ಹೋಗುವವರೆಗೆ ಮೇಲೆ ಕೆಳಗೆ ಒತ್ತಿದೆ. ಹೊಸ ಸ್ಪ್ರಿಂಗ್, ಪೈಪು, ಮುಚ್ಚಳ. ಮುಚ್ಚಳ ತಿರುಗಿಸಲು ಹೊಟ್ಟೆಯಿಂದ ಒತ್ತಬೇಕಾಯಿತು, ಅಷ್ಟು ಬಿಗಿ. ಹೊಸದಲ್ಲವೇ, ಇರುತ್ತದೆ ಎಂದುಕೊಂಡೆ.

ಒಂದು ಹನಿ ಸೋರಿಲ್ಲ. ಯಾರಿಗಾದರೂ ತೋರಿಸಬೇಕು ಅನ್ನಿಸಿತು. ಕೈ ತೊಳೆದುಕೊಂಡೆ.

ಮಾರ್ಚ್ 17, ಭಾನುವಾರ

ಓಡಿಸಿದೆ. ದರಿದ್ರ. ಮರದ ಕಾಲು ಕಟ್ಟಿದ ಹಾಗೆ. ಪ್ರತಿ ಕಲ್ಲೂ ಮಣಿಕಟ್ಟಿಗೆ. ಎಣ್ಣೆ ದಪ್ಪವಾಯಿತೇನೋ. ತೆಗೆದು ತೆಳುವಾದದ್ದು ಹಾಕಿದೆ. ಸೇತುವೆಯ ಜೋಡಿ ಗುಂಡಿಯಲ್ಲಿ ಹಲ್ಲು ಕಟಕಟ. ಹಲ್ಲಿನ ಕೆಲಸದವಳಿಗೆ ಸರಿಯಾದ ಶಾಸ್ತಿ.

ಆ ಸಿಟ್ಟಿನಲ್ಲಿದ್ದಾಗಲೇ ಅಕ್ಕನ ಫೋನ್. ಎಲ್ಲ ಹೇಳಿಬಿಟ್ಟೆ. ಅವಳು —

"ಮಾರಿಬಿಡೇ ಅದನ್ನ. ಒಬ್ಳೇ ಇದೀಯ. ಎಲ್ಲಾದ್ರೂ ಬಿದ್ರೆ ಯಾರು ನೋಡ್ತಾರೆ?"

"ಒಬ್ಳೇ ಮಾಡಿದ್ದು ಯಾರು?"

ಇಟ್ಟುಬಿಟ್ಟೆ. ಇನ್ನು ಎತ್ತುವುದಿಲ್ಲ.

ಮಾರ್ಚ್ 24, ಭಾನುವಾರ

ಫೋನ್ ಹೊಡೆದುಕೊಂಡಿತು. ಎತ್ತಲಿಲ್ಲ.

ಒಂದು ಉಪಾಯವಿದೆ. ಫೋರ್ಕ್‌ನ ಕೊಳವೆಗೆ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಬಿಗಿದು, ಸೀಲಿಗೆ ತಾಗುವಂತೆ ಇಳಿಸಿಟ್ಟು, ನನ್ನ ಎರಡೂ ಕಾಲು ನೆಲದಿಂದೆತ್ತಿ ಸೀಟಿನಲ್ಲಿ ಕೂರಬೇಕು. ನನ್ನ ಭಾರಕ್ಕೆ ಫೋರ್ಕ್ ಎಷ್ಟು ಇಳಿಯಿತೋ ಅಷ್ಟು ಪಟ್ಟಿ ಮೇಲೆ ಸರಿಯುತ್ತದೆ. ಆಗ ರೋಗ ಎಲ್ಲಿದೆ ತಿಳಿಯುತ್ತದೆ. ಆದರೆ ಬೈಕನ್ನು ನೆಟ್ಟಗೆ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು. ಗೋಡೆಗೆ ಒರಗಿ ಕೂತೆ. ಅರ್ಧ ಭಾರ ಗೋಡೆಗೆ ಹೋಗಿ ಪ್ರತಿ ಸಲವೂ ಬೇರೆ ಬೇರೆ ಲೆಕ್ಕ.

ಯಾರನ್ನು ಕರೆಯಲಿ? ಫೋನಿನಲ್ಲಿ ಹೆಸರುಗಳನ್ನು ನೋಡುತ್ತಾ ಹೋದೆ. ಗ್ಯಾಸಿನವನು. ಲ್ಯಾಬಿನ ಯಜಮಾನರು. ಪ್ಲಾಸ್ಟರ್ ತಂದುಕೊಡುವವನು. ಹಲ್ಲಿನ ಡಾಕ್ಟರುಗಳು. ಅಕ್ಕ. ಮತ್ತೆ ಗ್ಯಾಸಿನವನು. ಇಷ್ಟು ವರ್ಷ ನಾನು ಇನ್ನೊಬ್ಬರನ್ನು ಸಂಪಾದಿಸಿಕೊಳ್ಳಲೇ ಇಲ್ಲ, ಬೇಕೆನಿಸಿರಲಿಲ್ಲ. ಬೈಕ್ ಒರಗಿಸಿಟ್ಟು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅಳುವುದಕ್ಕೆ ಹಿಡಿದುಕೊಳ್ಳುವವರು ಬೇಕಿಲ್ಲವಲ್ಲ.

ಏಪ್ರಿಲ್ 6, ಶನಿವಾರ. ಸಂಜೆ

ಬೆಳಿಗ್ಗೆ ಬಾಗಿಲು ತೆಗೆದರೆ ಭಾವ. ಒಬ್ಬರೇ. ಕುತ್ತಿಗೆಯಲ್ಲಿ ಅಳತೆ ಟೇಪು. ತೆಗೆದಿಡಲು ಮರೆತು ಬಸ್ ಹತ್ತಿದ್ದಾರೆ.

"ನಿಮ್ಮಕ್ಕನ ಕುರ್ಚಿ ತಗೊಂಡು ಹೋಗೋಣ ಅಂತ ಬಂದೆ."

"ಬಸ್ಸಲ್ಲಿ ಕುರ್ಚಿನಾ?"

ಪೆಚ್ಚಾದರು. "ನೀವು ಫೋನ್ ಎತ್ತುತ್ತಿಲ್ವಲ್ಲ... ಹೇಗಿದಾಳೆ ನೋಡ್ಕೊಂಡು ಬನ್ನಿ ಅಂದ್ಲು."

"ಬದುಕಿದೀನಿ."

"ಹಾಗಾದ್ರೆ ಒಂದು ಲೋಟ ಟೀ ಸಿಗಬಹುದು."

ಕೊಟ್ಟೆ. ಕುಡಿಯುತ್ತಾ ಬೈಕನ್ನೇ ನೋಡುತ್ತಿದ್ದರು. ನಾಚಿಕೆ ಬಿಟ್ಟೆ.

"ಭಾವ, ಇದನ್ನ ಸ್ವಲ್ಪ ಹಿಡ್ಕೊಳ್ತೀರಾ?"

ಬಾಯಿಬಿಟ್ಟು ಭಾವ ಎಂದದ್ದು ಇದೇ ಮೊದಲು. ಅವರು ಲೋಟ ಕೆಳಗಿಟ್ಟ ರಭಸಕ್ಕೆ ಟೀ ಚೆಲ್ಲಿತು. ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದುಕೊಂಡರು. ಬೈಕ್ ಅಲ್ಲಾಡಲಿಲ್ಲ. ಹತ್ತಿ ಕೂತು, ಕಾಲೆತ್ತಿ ಇಟ್ಟೆ. ಇಳಿದೆ. ಪಟ್ಟಿ ಎಷ್ಟು ಸರಿದಿದೆ ಎಂದು ಅವರೇ ಬಗ್ಗಿ ಟೇಪು ಹಿಡಿದರು.

"ಒಂದು ಬೆರಳೂ ಇಲ್ಲ. ಎಷ್ಟು ಇಳೀಬೇಕಿತ್ತು?"

"ಎರಡು ಬೆರಳಾದ್ರೂ ಇಳೀಬೇಕು. ಎಣ್ಣೆ ಬದಲಾಯಿಸಿದೆ, ಸೀಲು ನೋಡಿದೆ, ಎಲ್ಲ ಸರಿ ಇದೆ..."

"ನನಗೆ ಇದೆಲ್ಲ ಗೊತ್ತಾಗಲ್ಲ. ಹಳೇ ಬಟ್ಟೆ ಸರಿ ಮಾಡೋಕೆ ಬಂದ್ರೆ ನಾನು ಮೊದ್ಲು ಕೇಳೋದು ಒಂದೇ. ಯಾರ ಅಳತೆಗೆ ಹೊಲಿದಿದ್ದು ಅಂತ."

ಪೈಪು. ತೊಳೆದು ಒಣಗಿಸಿ ಇದ್ದ ಹಾಗೇ ವಾಪಸ್ ಇಟ್ಟಿದ್ದೆನಲ್ಲ. ಹಳೆ ಸ್ಪ್ರಿಂಗ್ ಕುಗ್ಗಿ, ಎಣ್ಣೆ ಸೋರಿ, ಇಷ್ಟು ದಿನ ಗೊತ್ತಾಗಿರಲಿಲ್ಲ. ಹೊಸ ಸ್ಪ್ರಿಂಗ್ ಬಂದ ಮೇಲೆ ಬಣ್ಣ ಬಯಲು. ದಿನಾ ಒಬ್ಬೊಬ್ಬರ ಬಾಯಿಗೂ ಬೇರೆ ಬೇರೆ ಅಳತೆಯ ಹಲ್ಲು ಕೂರಿಸುವವಳು ನಾನು. ಇದೊಂದು ಹೊಳೆದಿರಲಿಲ್ಲ. ಹೊಳೆಯುವುದು ಬೇಡವಾಗಿತ್ತೇನೋ.

"ಇಬ್ಬರ ಅಳತೆ, ಭಾವ," ಎಂದೆ.

ಅವರು ಟೇಪು ಸುತ್ತಿ ಜೇಬಿಗಿಟ್ಟುಕೊಂಡರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ನನ್ನ ಮುಖ ನೋಡದೆ —

"ರಸ್ತೆಲಿ ಯಾವ ಬೈಕ್ ಹೋದ್ರೂ ಕಿಟಕಿಗೆ ಬರ್ತಾಳೆ. ಹೇಳ್ಬೇಡಿ ಅಂದಿದ್ಲು."

ಕುರ್ಚಿ ಇಲ್ಲೇ ಇದೆ.

ಏಪ್ರಿಲ್ 7, ಭಾನುವಾರ

ಮುಚ್ಚಳ ಬಿಚ್ಚಿ ಪೈಪುಗಳನ್ನು ತೆಗೆದೆ. ಗರಗಸ ಎತ್ತಿಕೊಂಡೆ. ಗೆರೆಯನ್ನೂ ಹಾಕಿದೆ. ಕೊಯ್ಯಲು ಕೈ ಬರಲಿಲ್ಲ. ಕೊಯ್ದ ಪೈಪು ಮತ್ತೆ ಬೆಳೆಯುವುದಿಲ್ಲ. ಹಾಗೆಂದು ಬಿಟ್ಟರೆ ನಾನು ಇನ್ನು ಮೇಲೆ ಮರದ ಕಾಲಿನ ಬೈಕ್ ಓಡಿಸಿಕೊಂಡು, ಅಕ್ಕನ ಮೇಲೆ ಹಲ್ಲು ಕಡಿಯುತ್ತಲೇ ಇರಬೇಕು.

ಶೆಡ್ಡಿನಲ್ಲಿ ಅದೇ ಪೈಪಿನ ಉಳಿದ ತುಂಡಿತ್ತು. ಅದರಲ್ಲಿ ಹೊಸದೆರಡು ಗಿಡ್ಡಕ್ಕೆ ಕೊಯ್ದೆ. ಒಬ್ಬಳ ಅಳತೆಗೆ. ಅಂಚು ಉಜ್ಜಿ ಹಾಕಿದೆ. ಮುಚ್ಚಳ ಎರಡು ಬೆರಳಲ್ಲೇ ತಿರುಗಿತು. ಹಳೆಯವಕ್ಕೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಅಕ್ಕನ ಕಪಾಟಿನಲ್ಲಿಟ್ಟೆ.

ಓಡಿಸಿದೆ. ಏನು ಹೇಳಲಿ — ಬೈಕ್ ಉಸಿರಾಡುತ್ತಿದೆ. ಬ್ರೇಕಿಗೆ ಮೆಲ್ಲಗೆ ಬಾಗಿ ಮೆಲ್ಲಗೆ ಏಳುತ್ತದೆ. ಸೇತುವೆ ಬಂತು. ಜೋಡಿ ಗುಂಡಿ ಗೊತ್ತೇ ಆಗಲಿಲ್ಲ. ಬೆನ್ನು ಬಿಗಿ ಹಿಡಿದು ಗುದ್ದಿಗೆ ಕಾದಿದ್ದೆ. ಬೀಳಲಿಲ್ಲ. "ನೋಡಿದ್ಯಾ?" ಎಂದು ಹಿಂದಕ್ಕೆ ಜೋರಾಗಿ ಕೇಳಿಬಿಟ್ಟೆ. ಬರೀ ಗಾಳಿ.

ಸೇತುವೆ ದಾಟಿ ಪಕ್ಕಕ್ಕೆ ಹಾಕಿದೆ. ಇವತ್ತಿನ ಹಾಜರಿ ನನ್ನದಾಗಲಿ ಎಂದು ನಾನೇ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಏನಾಯ್ತೇ? ಬಿದ್ಯಾ?"

"ಇಲ್ಲ. ಗುಂಡಿ ಹಾರಿಸಿದೆ. ಗೊತ್ತೇ ಆಗ್ಲಿಲ್ಲ."

"ನನ್ನ ಸೊಂಟ ಮುರಿದಾದ್ಮೇಲೆ ಸರಿ ಮಾಡಿದ್ಯಲ್ಲ, ಪಾಪಿ."

ನಗುತ್ತಿದ್ದಳು. ಮೂಗು ಸೊರ್ ಎಂದದ್ದೂ ಕೇಳಿಸಿತು.

"ಬರೋದಾದ್ರೆ ಹಿಂದಿನ ದಿನಾನೇ ಹೇಳು," ಎಂದೆ. "ಪೈಪ್ ಬದಲಾಯಿಸ್ಬೇಕು."

"ಯಾವ ಪೈಪು?"

"ನಿಂದು. ಎತ್ತಿಟ್ಟಿದೀನಿ. ಅರ್ಧ ದಿನದ ಕೆಲ್ಸ, ಆದ್ರೆ ಅದನ್ನ ಹಾಕಿದ್ರೆ ನೀನು ಹಿಂದೆ ಕೂರ್ಲೇಬೇಕು. ಒಬ್ಳಿಗೆ ಅದು ಮರದ ಕಾಲು."